ಕಟ್ಟೆಯ ಹಿಂದಿನ ಗೋಪದ್ಮ

ಹಿಡಿದ ವ್ರತವನ್ನು ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದಲೇ ಹಿಡಿಯಬೇಕು ಎಂದು ಹಿರಿಯರು ಹೇಳುತ್ತಾರೆ. ಸಾವಿತ್ರೀಬಾಯಿಯವರ ತಾಯಿ ಗೋಪದ್ಮದ ವ್ರತ ಹಿಡಿದು ನಾಲ್ಕು ವರ್ಷ ಮುಗಿಸಿ ಹಾಸಿಗೆ ಸೇರಿದವರು ಮತ್ತೆ ಏಳಲಿಲ್ಲ. ಕಡೆಗಾಲದಲ್ಲಿ ಅವರು ಮಗನನ್ನು ಕರೆಯಲಿಲ್ಲ, ನೀರು ಕೇಳಲಿಲ್ಲ. "ಇನ್ನೊಂದು ವರ್ಷ ಇತ್ತಲ್ಲ" ಎಂದರು, ಅಷ್ಟೆ. ತಲೆದಿಂಬಿನ ಬಳಿ ಕುಳಿತು ಆ ಮಾತು ಕೇಳಿಸಿಕೊಂಡ ಸಾವಿತ್ರೀಬಾಯಿ ಬಹಳ ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಅರವತ್ತು ತುಂಬಿದ ಮೇಲೆ ತಾವೇ ಆ ವ್ರತ ಹಿಡಿದರು. ಆಷಾಢದ ಏಕಾದಶಿಯಿಂದ ಕಾರ್ತಿಕದ ದ್ವಾದಶಿಯವರೆಗೆ ನಾಲ್ಕು ತಿಂಗಳು, ದಿನಾ ನಸುಕಿನಲ್ಲಿ ತುಳಸಿಯ ಬಳಿ ಇಲ್ಲವೆ ಕೊಟ್ಟಿಗೆಯಲ್ಲಿ ಆಕಳ ಗೊರಸಿನ ಆಕಾರದ ರಂಗೋಲಿ ಮೂವತ್ತಮೂರು, ಪ್ರದಕ್ಷಿಣೆ ಮೂವತ್ತಮೂರು, ನಮಸ್ಕಾರ ಮೂವತ್ತಮೂರು. ಹೀಗೆ ಐದು ವರ್ಷ. ನಾಲ್ಕು ವರ್ಷ ನಿರ್ವಿಘ್ನವಾಗಿ ನಡೆಯಿತು. ಐದನೆಯ ವರ್ಷ ಬರುವ ಹೊತ್ತಿಗೆ, ಅದು ತೊಂಬತ್ತೆಂಟನೆಯ ಇಸವಿ, ಅವರ ಬಲಸೊಂಟದ ಕೀಲಿನಲ್ಲಿ ಸವೆದ ಎಲುಬಿನ ಬದಲು ಉಕ್ಕಿನ ಗುಂಡೊಂದು ಕೂತಿತ್ತು.

ಚೈತ್ರದಲ್ಲಿ ಕೀಲು ಬದಲಿಸಿದ ಸೊಲ್ಲಾಪುರದ ಡಾಕ್ಟರು ಮಗುವಿಗೆ ಹೇಳುವ ಹಾಗೆ ಬೆರಳು ಮಡಿಸುತ್ತ ಮರಾಠಿಯಲ್ಲಿ ಹೇಳಿದ್ದರು: ನೆಲದ ಮೇಲೆ ಕೂರಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು, ಕಾಲು ಮಡಿಸಿ ಚಕ್ಕಳಮಕ್ಕಳ ಹಾಕಬಾರದು, ಬಗ್ಗಿ ನೆಲದ ಮೇಲಿನದನ್ನು ಎತ್ತಬಾರದು. ಸಾವಿತ್ರೀಬಾಯಿ ಎಲ್ಲಕ್ಕೂ ತಲೆಯಾಡಿಸಿದರು. ಹುಟ್ಟಿದಾಗಿನಿಂದ ಅವರು ಮಾಡಿಕೊಂಡು ಬಂದ ಕೆಲಸವೆಲ್ಲ ಆ ನಾಲ್ಕು ಬೆರಳಿನೊಳಗೇ ಇತ್ತು.

ದವಾಖಾನೆ ಹತ್ತಿರವಿರಲೆಂದು ಅವರನ್ನು ಕಲಬುರಗಿಯಲ್ಲಿ, ಜೇವರ್ಗಿ ಕಾಲೋನಿಯ ಮಗನ ಬಾಡಿಗೆ ಮನೆಯಲ್ಲಿ ಇರಿಸಿಕೊಂಡರು. ಮಗ ಮುಕುಂದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಸೊಸೆ ಇಂದೂಬಾಯಿ ಕಾಲೋನಿಯಲ್ಲೇ ಖಾಸಗಿ ಶಾಲೆಯೊಂದರಲ್ಲಿ ಮೂರನೆಯ ಇಯತ್ತೆಗೆ ಪಾಠ ಹೇಳುವ ಬಾಯಿ. ಮೊಮ್ಮಗಳು ಸುಧಾಳಿಗೆ ಹದಿಮೂರು. ಗಂಡ ವಿಠ್ಠಲರಾಯರು, ನಿವೃತ್ತ ಮಾಸ್ತರರು, ಮನೆದೇವರ ಪೂಜೆ ಮತ್ತು ಕೆಂಬಾಳೆಯ ತೋಟ ಬಿಟ್ಟು ಬರಲಾರದೆ ಕಮಲಾಪುರದಲ್ಲೇ ಉಳಿದರು. ಅವರಿಗೆ ಅಡಿಗೆ ಮಾಡಿ ಹಾಕಲು ವಿಧವೆ ತಂಗಿ ಪಾರ್ವತೀಬಾಯಿ ಇದ್ದಳು.

ಊಟದ್ದೇ ಮೊದಲ ತಂಟೆಯಾಯಿತು. ಮೇಜಿನ ಮೇಲಿನ ಊಟ ಮಡಿಗೆ ಬಾರದು. ಪ್ಲಾಸ್ಟಿಕ್ ಖುರ್ಚಿಯಂತೂ ಬಾರದು. ಕಡೆಗೆ ಮುಕುಂದ ಒಂದು ಹಳೆಯ ಮರದ ಖುರ್ಚಿ ತಂದ. ಅದನ್ನು ದಿನಾ ನೀರು ಹಾಕಿ ತೊಳೆಯುವುದು, ಎದುರಿಗೆ ಎತ್ತರದ ಸ್ಟೂಲಿಟ್ಟು ತಾಟು ಇಡುವುದು ಇಂದೂಬಾಯಿಯ ಪಾಲಿಗೆ ಬಂತು. ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತಾಗ ತಾವೊಬ್ಬರೇ ಮೇಲೆ ಕುಳಿತು ಉಣ್ಣುವುದು ಸಾವಿತ್ರೀಬಾಯಿಗೆ ಒಗ್ಗಲಿಲ್ಲ. "ಅಜ್ಜಿ ಕೀರ್ತನಕ್ಕ ಕೂತಂಗ ಕಾಣ್ತಾಳ" ಎಂದು ಸುಧಾ ನಗುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ವಿಠ್ಠಲರಾಯರು ಕೆಂಬಾಳೆಯ ಗೊನೆ ಹೊತ್ತು ಬಸ್ಸಿಳಿದು ಬಂದ ದಿನ ಸಾವಿತ್ರೀಬಾಯಿ ಹಸಿವಿಲ್ಲವೆನ್ನುತ್ತಿದ್ದರು. ನೆಲದ ಮೇಲೆ ಕುಳಿತ ಗಂಡನ ತಲೆಗಿಂತ ಎತ್ತರದಲ್ಲಿ ತಮ್ಮ ತಾಟು ಇರುವುದನ್ನು ಅವರು ನೋಡಲಾರರು.

ಆಷಾಢ ಬಂದಾಗ ಮುಕುಂದ ತಾಯಿಯ ಎದುರು ಕುಳಿತು, ಈ ವರ್ಷ ವ್ರತ ಗಿತ ಏನೂ ಬೇಡ, ದೇವರಿಗೂ ಕಣ್ಣಿವೆ, ಎಂದು ಹೇಳಿದ. ಪ್ರದಕ್ಷಿಣೆ ಕೋಲು ಹಿಡಿದು ಹಾಕುತ್ತೇನೆ, ನಮಸ್ಕಾರ ನಿಂತೇ ಮಾಡುತ್ತೇನೆ, ರಂಗೋಲಿ ಬಿಟ್ಟೆ, ಎಂದರು ಸಾವಿತ್ರೀಬಾಯಿ. ಹೇಳುವಾಗ ಅವರ ಕಣ್ಣು ಮಗನ ಮುಖದ ಮೇಲಿರಲಿಲ್ಲ.

ಹಿತ್ತಿಲಲ್ಲಿ ತುಳಸೀಕಟ್ಟೆಗೂ ಕಂಪೌಂಡ್ ಗೋಡೆಗೂ ನಡುವೆ ಮೂರು ಮೊಳ ಜಾಗವಿತ್ತು. ಆ ಬದಿಗೆ ಯಾರೂ ಹೋಗುವುದಿಲ್ಲ. ಏಕಾದಶಿಯ ನಸುಕಿನಲ್ಲಿ ಸಾವಿತ್ರೀಬಾಯಿ ಒದ್ದೆ ಸೀರೆಯಲ್ಲೇ ಅಲ್ಲಿಗೆ ಹೋಗಿ, ಕಟ್ಟೆಯ ಅಂಚು ಹಿಡಿದು, ಬಲಗಾಲನ್ನು ಚಾಚಿ ಎಡಗಾಲನ್ನು ಮಡಿಸಿ ಮೆಲ್ಲಗೆ ನೆಲಕ್ಕಿಳಿದರು. ಒಂದು ಸಾಲಿಗೆ ಹನ್ನೊಂದರಂತೆ ಮೂರು ಸಾಲು. ನಿಂತೋ ಖುರ್ಚಿಯ ಮೇಲೆ ಕೂತೋ ಹಾಕಲು ಪದ್ಮವೇನು ಪೋಸ್ಟಿನ ಮುದ್ರೆಯೇ? ಮೂವತ್ತಮೂರು ಮುಗಿಸಿ ಎದ್ದಾಗ ಸೊಂಟದೊಳಗೆ ಯಾರೋ ಕಾಯಿಸಿದ ಸೌಟು ಇಟ್ಟಂತಾಯಿತು. ಅದೂ ಕೃಷ್ಣಾರ್ಪಣ ಎಂದುಕೊಂಡು ಅವರು ಒಳಗೆ ಬಂದರು.

ಚಾತುರ್ಮಾಸದ ಅಡಿಗೆ ಎಂದರೆ ಒಂದು ಮನೆಯಲ್ಲಿ ಎರಡು ಒಲೆ. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಅತ್ತೆಗೆ ಹಿತ್ತಾಳೆಯ ಪಾತ್ರೆಯಲ್ಲಿ ಹೆಸರುಬೇಳೆಯ ಕಟ್ಟು. ಗಂಡನಿಗೂ ಮಗಳಿಗೂ ರೊಟ್ಟಿ, ಪುಂಡಿಪಲ್ಲೆ. ನಳ ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಮಡಿಯ ನೀರು ಬೇರೆ ತುಂಬಬೇಕು. ಅತ್ತೆಯನ್ನು ಎಬ್ಬಿಸಿ ಕೂರಿಸುವುದು, ನೋವಿನ ಎಣ್ಣೆ ತಿಕ್ಕುವುದು, ಸೀರೆ ಹಿಂಡುವುದು, ಆಮೇಲೆ ಒಂಬತ್ತೂವರೆಗೆ ಶಾಲೆ. ಇಂದೂಬಾಯಿ ಹುಟ್ಟಾ ಎಡಚಿ. ಮದುವೆಯಾಗಿ ಬಂದ ಹೊಸದರಲ್ಲಿ ಎಡಗೈಯಿಂದ ಅನ್ನ ಬಡಿಸಿದ್ದಕ್ಕೆ ಅತ್ತೆ ಸೌಟನ್ನು ಕೈಯಿಂದ ಕಸಿದುಕೊಂಡಿದ್ದರು. ಅಂದಿನಿಂದ ಮನೆಯಲ್ಲಿ ಬಲಗೈ, ಶಾಲೆಯ ಹಲಗೆಯ ಮೇಲೆ ಎಡಗೈ. ಆದರೆ ಭಾರ ಎತ್ತುವಾಗ ಎಡಗೈಯೇ ಮುಂದೆ ಬರುತ್ತಿತ್ತು. ಹಾಸಿಗೆಯಿಂದ ಅತ್ತೆಯನ್ನು ಎತ್ತುತ್ತಿದ್ದುದೂ ಅದೇ. ಅದಕ್ಕೆ ಮಾತ್ರ ಸಾವಿತ್ರೀಬಾಯಿ ಏನೂ ಅಂದಿರಲಿಲ್ಲ.

ಆಷಾಢದಲ್ಲಿ ಒಂದು ಕೋಲಿನ ಮೇಲೆ ನಡೆಯುತ್ತಿದ್ದವರು ಶ್ರಾವಣದಲ್ಲಿ ಮತ್ತೆ ನಾಲ್ಕು ಕಾಲಿನ ವಾಕರ್ ಹಿಡಿದರು. ನೋವು ಸೊಂಟದಿಂದ ತೊಡೆಗಿಳಿದು ಮೊಣಕಾಲಿನವರೆಗೆ ಬಂತು. ಮುಕುಂದ ಆಟೋ ಮಾಡಿ ಊರಲ್ಲೇ ಒಬ್ಬ ಎಲುಬಿನ ಡಾಕ್ಟರರ ಬಳಿ ಕರೆದೊಯ್ದ. ಅವರು ಎಕ್ಸರೇಯನ್ನು ಬೆಳಕಿಗೆ ಹಿಡಿದು, ಗುಂಡು ಕೂತ ಜಾಗದಲ್ಲೇ ಇದೆ, ಆದರೆ ಸುತ್ತಲ ಮಾಂಸ ಬಾತಿದೆ, ಎಂದರು. ಕೆಲವರಿಗೆ ನೋವು ವರ್ಷಗಟ್ಟಲೆ ಉಳಿಯುವುದೂ ಉಂಟು. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದರು:

"ಅಮ್ಮಾ, ನೆಲಕ್ಕ ಏನರೆ ಕೂಡ್ತೀರೇನು?"

"ಇಲ್ಲ" ಎಂದಳು ಇಂದೂಬಾಯಿ, ಅತ್ತೆ ಬಾಯಿ ತೆರೆಯುವ ಮೊದಲೇ.

ಸಾವಿತ್ರೀಬಾಯಿ ಆ 'ಇಲ್ಲ'ದ ನೆರಳಲ್ಲಿ ಸುಮ್ಮನೆ ಕುಳಿತರು. ಸೊಸೆಗೆ ತನ್ನ ಮೇಲೆ ಎಷ್ಟು ನಂಬಿಕೆ ಎಂದು ಅವರಿಗೆ ನಾಚಿಕೆಯಾಯಿತು.

ಆ ಸಂಜೆ ಅಡಿಗೆಮನೆಯಲ್ಲಿ ಗಂಡಹೆಂಡಿರ ಮಾತು ನಡೆಯಿತು. ಮನೆಯಲ್ಲಿ ದಿನವಿಡೀ ಯಾರೂ ಇಲ್ಲದಿದ್ದರೆ ತಾಯಿ ಏನು ಎತ್ತುತ್ತಾಳೋ, ಎಲ್ಲಿ ಬಗ್ಗುತ್ತಾಳೋ, ನೋಡುವವರು ಯಾರು ಎಂದ ಮುಕುಂದ. ದಸರೆಯ ಸೂಟಿಗೆ ಶಾಲೆ ಬಿಟ್ಟುಬಿಡು ಎಂದ. ಇಂದೂಬಾಯಿ ರೊಟ್ಟಿ ಬಡಿಯುತ್ತಲೇ ಇದ್ದಳು. ಬಡಿತ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

"ಹನ್ನೊಂದು ವರ್ಷ ಆತು ಆ ಸಾಲಿಗೆ ಹೋಗ್ಲಿಕತ್ತು" ಎಂದಳು. "ಅಲ್ಲಿ ಒಂದು ಖುರ್ಚಿ ಅದ ನನಗ. ಇಲ್ಲಿ ಮುಂಜಾನಿಯಿಂದ ಕೂಡ್ಲಿಕ್ಕೆ ಜಾಗಾ ಇಲ್ಲ."

"ಅವ್ವನ ಖುರ್ಚಿ ಮ್ಯಾಲ ಕಣ್ಣು ಹಾಕ್ತೀಯೇನು?"

"ತೊಳಿಯೋಳು ನಾನ ಅಲ್ರಿ. ಕಣ್ಣ ಬೀಳ್ತದ."

ಒಳಕೋಣೆಯಲ್ಲಿ ಮಲಗಿದ್ದ ಸಾವಿತ್ರೀಬಾಯಿಗೆ ಎಲ್ಲವೂ ಕೇಳಿಸಿತು. ಎದ್ದು ಹೋಗಿ ಹೇಳಿಬಿಡಬೇಕು ಎನಿಸಿತು. ಹೇಳಿದರೆ ಮಗ ನಾಳೆಯಿಂದ ಹಿತ್ತಿಲ ಬಾಗಿಲಿಗೆ ಕೀಲಿ ಹಾಕುತ್ತಾನೆ. ಅರವತ್ತನಾಲ್ಕರ ಮೇಲೆ ಮತ್ತೆ ಐದು ವರ್ಷದ ವ್ರತ ಹಿಡಿಯಲು ತಮಗೆ ಆಯುಷ್ಯ ಯಾರು ಕೊಡುತ್ತಾರೆ? ದಸರೆಗೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ನೋವು ಇಳಿದರೂ ಇಳಿಯಬಹುದು, ಎಂದು ಅವರು ಗೋಡೆಯ ಕಡೆ ಹೊರಳಿದರು. ಹೊರಳುವಾಗ ಬಂದ ನರಳಿಕೆಯನ್ನು ಸೆರಗಿನಲ್ಲಿ ಹಿಡಿದರು.

ವಾರಕ್ಕೆ ಮೂರು ದಿನ ಗುಲ್ಶನ್ ಬರುತ್ತಿದ್ದಳು. ರೋಜಾ ಮೊಹಲ್ಲಾದವಳು. ದವಾಖಾನೆಯಲ್ಲಿ ಆಯಾ ಆಗಿದ್ದು ಕಾಲಿನ ಕಸರತ್ತು ಕಲಿತವಳು. ಕಾಲು ಎತ್ತಿಸಿ ಇಳಿಸಿ, ಬದಿಗೆ ಸರಿಸಿ, ಹತ್ತು ಎಣಿಸುವಳು. ಅವಳು ಮುಟ್ಟಿ ಹೋದ ಮೇಲೆ ಸಾವಿತ್ರೀಬಾಯಿ ಮತ್ತೆ ಸ್ನಾನ ಮಾಡುತ್ತಾರೆಂಬುದು ಅವಳಿಗೂ ಗೊತ್ತು. "ಬಿಸಿನೀರ ಕಾಯಿಸಿಟ್ಟಾರೇನು ಅಮ್ಮಾ?" ಎಂದು ಹೋಗುವಾಗ ತಾನೇ ಕೇಳುತ್ತಿದ್ದಳು. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ, ಇಬ್ಬರೂ ನಗುತ್ತಿದ್ದರು.

ಒಂದು ದಿನ ಅವಳು ಕಾಲೆತ್ತಿಸುವಾಗ ಬಲಹಿಮ್ಮಡಿಯ ಸಂದಿನಲ್ಲಿ ಬಿಳಿ ಪುಡಿ ಕಂಡಿತು. ಬೆರಳಿಂದ ಒರೆಸಿ ನೋಡಿದಳು. ರಂಗೋಲಿ.

"ನೆಲಕ್ಕ ಕೂಡಾಕತ್ತೀರಿ" ಎಂದಳು, ಕೇಳುವ ಧ್ವನಿಯಲ್ಲಲ್ಲ.

ಸಾವಿತ್ರೀಬಾಯಿ ಹಿಮ್ಮಡಿಯನ್ನು ಸೀರೆಯೊಳಗೆ ಎಳೆದುಕೊಂಡರು.

"ನಮ್ಮ ಅಮ್ಮೀನೂ ಹಿಂಗೇ ಇದ್ದಳ್ರಿ. ಮೊಣಕಾಲ ಹೋಗಿ ನೆಲಕ್ಕ ಬಗ್ಗಾಕ ಬರದಂಗಾತು. ಖುರ್ಚಿ ಮ್ಯಾಲ ಕುಂತ ನಮಾಜ್ ಓದು ಅಂದ್ರ ಅತ್ತಳು. ಈಗ ಓದ್ತಾಳ. ರೂಢಿ ಆಗ್ತದ."

"ನಿಮ್ಮ ಪದ್ಧತಿ ಬ್ಯಾರೆ, ನಮ್ಮದು ಬ್ಯಾರೆ, ಗುಲ್ಶನ್."

"ಮೊಣಕಾಲ ಒಂದೇ ಅಲ್ರಿ" ಎಂದು ಅವಳು ಮತ್ತೆ ಒಂದರಿಂದ ಎಣಿಸತೊಡಗಿದಳು. ಹೋಗುವಾಗ ಯಾರ ಮುಂದೆಯೂ ಹೇಳಲಿಲ್ಲ.

ನಾಗಪಂಚಮಿ ಕಳೆದು ಕೆಲವು ದಿನಕ್ಕೆ ಒಂದು ನಸುಕಿನಲ್ಲಿ ಸಾವಿತ್ರೀಬಾಯಿಗೆ ಹತ್ತೊಂಬತ್ತರ ಮುಂದೆ ಕೈ ಹೋಗಲಿಲ್ಲ. ಸೊಂಟದ ಸೆಳೆತಕ್ಕೆ ಕಣ್ಣು ಕತ್ತಲಿಟ್ಟಿತು. ಕಟ್ಟೆ ಹಿಡಿದು ಹೇಗೋ ಎದ್ದು, ಸ್ವಲ್ಪ ಅಡ್ಡಾಗಿ ಬಂದು ಉಳಿದದ್ದನ್ನು ಹಾಕಿದರಾಯಿತೆಂದು ಒಳಗೆ ಹೋಗಿ ಬಿದ್ದುಕೊಂಡವರಿಗೆ ಜೋಂಪು ಹತ್ತಿತು. ಎಚ್ಚರವಾದಾಗ ಬಿಸಿಲು ಬಂದಿತ್ತು. ವಾಕರ್ ತಳ್ಳುತ್ತ ಹಿತ್ತಿಲಿಗೆ ಹೋಗಿ ಕಟ್ಟೆಯ ಹಿಂದೆ ಇಣುಕಿ ಎಣಿಸಿದರು. ಹನ್ನೊಂದು, ಹನ್ನೊಂದು, ಹನ್ನೊಂದು.

ಮೂರು ಸಲ ಎಣಿಸಿದರು. ಆಮೇಲೆ ಕಟ್ಟೆಗೆ ಹಣೆ ಹಚ್ಚಿ ನಿಂತುಬಿಟ್ಟರು. ತವರೂರಿನ ಗುಡಿಯಲ್ಲಿ ಹುಡುಗಿಯಾಗಿದ್ದಾಗ ಕೇಳಿದ ಕೀರ್ತನೆ ನೆನಪಾಯಿತು. ಬೀಸಿ ಬೀಸಿ ಕೈಸೋತ ಭಕ್ತೆಯ ಮನೆಗೆ ಪಂಢರಪುರದ ದೊರೆಯೇ ಬಂದು ಬೀಸುಕಲ್ಲಿನ ಗೂಟ ಹಿಡಿದನಂತೆ. ಆ ಕಥೆ ಕೇಳಿ ಅತ್ತಿದ್ದುಂಟು. ಅದು ತನ್ನ ಹಿತ್ತಿಲಿಗೆ ಬಂದೀತೆಂದು ಎಣಿಸಿದ್ದಿಲ್ಲ. ಆಮೇಲೆ ಮತ್ತೆ ಎರಡು ಸಲ, ಮೂರು ಸಲ ಹಾಗಾಯಿತು. ಅವರು ಬಿಟ್ಟ ಕಡೆಯಿಂದ ಯಾರೋ ಮುಂದುವರಿಸಿದ್ದರು. ನೋವು ಇದ್ದಷ್ಟೇ ಇತ್ತು, ಆದರೆ ಮುಖದಲ್ಲಿ ಒಂದು ಬೆಳಕು ಬಂತು. ಅದನ್ನು ಕಂಡು ಮುಕುಂದ, ಹೊಸ ಗುಳಿಗೆ ಹತ್ತಿದ ಹಾಗಿದೆ ಎಂದ.

ಭಾದ್ರಪದದಲ್ಲಿ ಅನಂತನ ಚತುರ್ದಶಿ. ಆ ಮನೆತನದ ಅನಂತನ ದಾರ ಕಮಲಾಪುರದಲ್ಲೇ ಕಟ್ಟಿಕೊಳ್ಳಬೇಕು. ಹಿಂದಿನ ದಿನ ಬಾಡಿಗೆ ಜೀಪು ಮಾಡಿ, ಮುಂದಿನ ಸೀಟಿನಲ್ಲಿ ಎರಡು ದಿಂಬು ಹಾಕಿ ಸಾವಿತ್ರೀಬಾಯಿಯನ್ನು ಕೂರಿಸಿಕೊಂಡು ಎಲ್ಲರೂ ಹೊರಟರು. ಹುಮನಾಬಾದ್ ರಸ್ತೆಯ ಒಂದೊಂದು ಗುಂಡಿಯೂ ಅವರ ಸೊಂಟದ ಗುಂಡಿಗೆ ಬಡಿದು ಹೋಯಿತು. ಕಮಲಾಪುರದ ಬಾಗಿಲಲ್ಲಿ ನಿಂತಿದ್ದ ಪಾರ್ವತೀಬಾಯಿ, ಜೀಪಿನಿಂದ ಇಳಿಯಲು ಒದ್ದಾಡುತ್ತಿದ್ದ ಅತ್ತಿಗೆಯನ್ನು ನೋಡಿ ಸೆರಗು ಬಾಯಿಗೆ ಹಿಡಿದಳು.

"ವೈನಿ, ಸೊಲ್ಲಾಪುರಕ್ಕ ಹೋಗೂ ಮುಂದರೆ ನೀವು ನಡೀತಿದ್ರಿ" ಎಂದು, ಕಣ್ಣು ಮಾತ್ರ ಇಂದೂಬಾಯಿಯ ಕಡೆ ಇಟ್ಟಳು.

ಆ ಮನೆಯ ತುಳಸಿ ನಡು ಅಂಗಳದಲ್ಲಿ, ನಾಲ್ಕೂ ಕಡೆಗೆ ಕಾಣುವಂತಿತ್ತು. ಸಾವಿತ್ರೀಬಾಯಿ ಮರುದಿನ ನಸುಕಿನಲ್ಲಿ ಆಕಳಿಲ್ಲದ ಹಳೆಯ ಕೊಟ್ಟಿಗೆಗೆ ಹೋದರು. ಕಟ್ಟುವ ಗೂಟವನ್ನು ಹಿಡಿದು ಕುಳಿತರು. ಜೀಪಿನ ಕುಲುಕಾಟಕ್ಕೆ ಆ ದಿನ ಹನ್ನೆರಡೇ ಆದವು. ಎದ್ದು ಬಂದು, ಕೊಟ್ಟಿಗೆಯ ಒಳಗು ಕಾಣುವ ಪಡಸಾಲೆಯ ಕಿಟಕಿಯ ಬಳಿ ಹಾಸಿದ ಹಾಸಿಗೆಯಲ್ಲಿ ಮಲಗಿದರು. ಆದರೆ ಸುಖವಾಗಿ ಕಣ್ಣು ಮುಚ್ಚಲಿಲ್ಲ. ಇಲ್ಲಿಗೂ ಬರುತ್ತಾನೋ ಎಂಬ ಆಸೆ, ಬಂದರೆ ಒಂದು ಸಲ ಕಾಣಬೇಕೆಂಬ ಆಸೆ.

ಬಂದದ್ದು ಇಂದೂಬಾಯಿ. ಕೂದಲು ಗಂಟು ಹಾಕಿಕೊಳ್ಳುತ್ತ, ಒದ್ದೆ ಸೀರೆಯಲ್ಲಿ, ಆಕಳಿಸುತ್ತ ಬಂದಳು. ಅತ್ತೆಯ ಕಿಟಕಿಯ ಕಡೆ ನೋಡಲೂ ಇಲ್ಲ. ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಗೋಡೆಯ ಗೂಡಿನಿಂದ ರಂಗೋಲಿಯ ಡಬ್ಬಿ ತೆಗೆದು, ಹದಿಮೂರನೆಯದರಿಂದ ಶುರುಮಾಡಿದಳು. ಎಡಗೈಯಿಂದ. ಸರಸರನೆ, ಶಾಲೆಯ ಹಲಗೆಯ ಮೇಲೆ ಬರೆದ ಹಾಗೆ. ಅವಳು ಹಾಕಿದ ಗೊರಸಿನ ತುದಿ ಎಡಕ್ಕೆ ಬಾಗುತ್ತಿತ್ತು. ಇಷ್ಟು ದಿನ ಕಣ್ಣಿದ್ದೂ ತಾವು ಕಾಣದ ಬಾಗು ಅದು. ಪಾಂಡುರಂಗ ಎಡಚನೆಂದು ಯಾವ ಕೀರ್ತನಕಾರನೂ ಹೇಳಿರಲಿಲ್ಲ.

ಸಾವಿತ್ರೀಬಾಯಿ ನೋಡುತ್ತಲೇ ಇದ್ದರು. ಡಾಕ್ಟರರ ಮುಂದೆ ಹೇಳಿದ ಆ 'ಇಲ್ಲ' ನಂಬಿಕೆಯದಾಗಿರಲಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು.

ಪೂಜೆ ಮುಗಿದು, ಹದಿನಾಲ್ಕು ಗಂಟಿನ ದಾರ ಕಟ್ಟಿಕೊಂಡು ಗಂಡಸರು ಊಟಕ್ಕೆ ಕುಳಿತಾಗ ಹೊತ್ತು ಎರಡು ದಾಟಿತ್ತು. ಪೂಜೆ ಮಾಡಿಸಿದ ರಾಘವೇಂದ್ರಾಚಾರ್ಯರು, ವಿಠ್ಠಲರಾಯರು, ಮುಕುಂದ, ಹೀಗೆ ಮೂರು ಎಲೆ. ಪಾರ್ವತೀಬಾಯಿ ಅನ್ನ ಹಾಕಿದಳು, ಇಂದೂಬಾಯಿ ಹಿಂದೆ ಸಾರು ತಂದಳು. ಹಾಲಿಲ್ಲದ ತಿಂಗಳಾದ್ದರಿಂದ ಪಾಯಸಕ್ಕೆ ಕೊಬ್ಬರಿಯ ಹಾಲು. ಸಾವಿತ್ರೀಬಾಯಿ ಮೂಲೆಯ ಖುರ್ಚಿಯಲ್ಲಿದ್ದರು. ಅತ್ತ ಇತ್ತ ಸರಿಯುವಾಗ ಸೊಂಟ ಹಿಡಿದು ಕೈಯ ತಂಬಿಗೆ ಜಾರಿ ಬಿತ್ತು. ನೀರು ಎಲೆಯ ಸಾಲಿನವರೆಗೆ ಹರಿಯಿತು.

ವಿಠ್ಠಲರಾಯರು ಕೈಯ ತುತ್ತನ್ನು ಎಲೆಗೆ ಇಳಿಸಿದರು. ಹೆಂಡತಿಯ ಕಡೆ ಕೈ ತೋರಿಸಿ, ಇಕಿ ನಾಳೆ ಕಲಬುರಗಿಗೆ ಬರುವುದಿಲ್ಲ, ಎಂದರು. ವೈನಿಯನ್ನು ಮನೆಗೆ ಕರೆತಾ ಎಂದು ಪಾರ್ವತಿ ಎರಡು ತಿಂಗಳಿಂದ ಹೇಳುತ್ತಿದ್ದದ್ದನ್ನು ತಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಕಣ್ಣಾರೆ ಕಂಡಾಯಿತು.

"ಸಾಲಿಗೆ ಹೋಗೋ ಸೊಸಿ ಕೈಯಾಗ ರೋಗಿ ಕೊಟ್ರ ಹಿಂಗ ಆಗ್ತದ. ಡಾಕ್ಟರ ಇಟ್ಟ ಕೀಲ ಗಟ್ಟಿ ಅದ. ಮನಿ ಗಟ್ಟಿ ಇಲ್ಲ."

"ದಸರಾಕ್ಕ ಬಿಡಸ್ಲಿಕತ್ತೀನಿ ಅಪ್ಪಾ" ಎಂದ ಮುಕುಂದ, ಎಲೆ ನೋಡುತ್ತ.

ಇಂದೂಬಾಯಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಬಸ್ಸು ತಪ್ಪಿದವರ ಮುಖದಲ್ಲಿರುವ ದಣಿವು ಇತ್ತು. ಅವಳು ನೆಲದ ನೀರು ಒರೆಸಲು ಬಗ್ಗಿದಳು.

"ಆಕಿಗೆ ಏನೂ ಅನಬ್ಯಾಡ್ರಿ" ಎಂದರು ಸಾವಿತ್ರೀಬಾಯಿ. "ನಾ ದಿನಾ ನೆಲಕ್ಕ ಕೂತೀನಿ. ಏಕಾದಶಿಯಿಂದ. ಒಂದು ದಿನಾನೂ ಬಿಟ್ಟಿಲ್ಲ."

ಮುಕುಂದನ ಕೈ ನಿಂತಿತು. ಅನಂತನ ಪ್ರಸಾದದ ಎಲೆಯ ಮುಂದಿಂದ ನಡುವೆ ಏಳುವಂತಿಲ್ಲ. ಎದ್ದು ಹೋಗಿ ಕೂಗಾಡಬೇಕಿದ್ದವನು ಅನ್ನಕ್ಕೆ ಬೆರಳು ಊರಿಕೊಂಡೇ ಕುಳಿತ. "ಅವ್ವಾ, ನನ್ನ ಮುಂದ ಬಿಟ್ಟೀನಿ ಅಂದಿದ್ದಿ" ಎಂದ.

"ಸುಳ್ಳ ಹೇಳಿದೆ."

"ನೀವ ಹಾಕಿದ್ರೇನು ಎಲ್ಲಾ?" ಎಂದು ಪಾರ್ವತೀಬಾ​ಯಿ ಕೇಳಿದಳು.

"ಎಲ್ಲಾ ಇಲ್ಲ. ನನ್ನ ಕೈಲಿ ಆಗದ ದಿನ ಉಳಿದದ್ದು ನಮ್ಮ ಇಂದೂ ಹಾಕ್ಯಾಳ. ಇವತ್ತ ನೋಡಿದೆ."

ಮುಕುಂದ ಹೆಂಡತಿಯ ಕಡೆ ತಿರುಗಿದ. ಗೊತ್ತಿದ್ದೂ ಮುಚ್ಚಿಟ್ಟೆಯಾ ಎಂದು ಕೇಳಿದ. ಎರಡನೆಯ ವಾರದಿಂದ ಗೊತ್ತು ಎಂದಳು ಇಂದೂಬಾಯಿ. ಒದ್ದೆ ಸೀರೆಯ ಹಿಂಬದಿಗೆ ಮಣ್ಣು ಹತ್ತಿದ್ದರೆ ಹಿಂಡುವವಳಿಗೆ ಗೊತ್ತಾಗದೇ ಇರುತ್ತದೆಯೇ?

"ತಡೀಲಿಕ್ಕೆ ಏನಾಗಿತ್ತು ನಿನಗ?"

"ತಡದ್ರ ಕೇಳ್ತಿದ್ರೇನು? ಮುಂದಿನ ವರ್ಷ ಮತ್ತ ಮೊದಲಿಂದ ಹಿಡೀತಿದ್ರು. ಮತ್ತ ಐದು ವರ್ಷ, ಮತ್ತ ಎರಡು ಒಲಿ. ನನ್ನ ಕೈಲಿ ಆಗೂದಿಲ್ಲರಿ. ಇದೊಂದು ಮುಗೀಲಿ ಅಂತ ಹಾಕಿದೆ." ಒರೆಸುವ ಬಟ್ಟೆ ಹಿಂಡುತ್ತ ಹೇಳಿದಳು, "ಭಕ್ತಿ ಗಿಕ್ತಿ ಏನಿಲ್ಲ ಅದರಾಗ."

ಪಾರ್ವತೀಬಾಯಿಯ ಬುದ್ಧಿ ಬೇರೆ ಕಡೆ ಓಡಿತ್ತು. "ಯಾವ ಕೈಲೆ ಹಾಕಿದಿ?" ಎಂದಳು.

ಇಂದೂಬಾಯಿ ಸಾರಿನ ಪಾತ್ರೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಎಡಗೈಲೆ" ಎಂದರು ಸಾವಿತ್ರೀಬಾಯಿ. "ಚೈತ್ರದಿಂದ ನನ್ನ ಎತ್ತಿ ಕೂಡಿಸೋದೂ ಅದ ಕೈ, ಪಾರ್ವತಿ. ಆವಾಗ ನಾ ಯಾವ ಕೈ ಅಂತ ಕೇಳಿಲ್ಲ."

ವಿಠ್ಠಲರಾಯರು ಆಚಾರ್ಯರ ಕಡೆ ನೋಡಿದರು, ಹೆಂಡತಿಯ ವ್ರತ ಉಳಿಯಿತೋ ಮುರಿಯಿತೋ ಹೇಳಿರಿ ಎಂಬಂತೆ. ಸಾವಿತ್ರೀಬಾಯಿ ಖುರ್ಚಿಯ ಕೈ ಹಿಡಿದುಕೊಂಡರು. ಆಚಾರ್ಯರು ಬಾಯಿಯ ತುತ್ತು ಮುಗಿಸಿ, ಶಕ್ತಿಯಿಲ್ಲದವರ ವ್ರತವನ್ನು ಮನೆಯವರು ಪ್ರತಿನಿಧಿಯಾಗಿ ನಡೆಸಿಕೊಡಬಹುದು, ಮಗನಾಗಲಿ ಸೊಸೆಯಾಗಲಿ ಗಂಡನಾಗಲಿ, ಅದಕ್ಕೆ ಶಾಸ್ತ್ರದ ಆಧಾರವಿದೆ, ಎಂದರು. ಎಡಗೈಯ ವಿಷಯ ಮಾತ್ರ ಪುಸ್ತಕ ನೋಡಿ ಹೇಳಬೇಕು. "ಸದ್ಯಕ್ಕ ಸ್ವಲ್ಪ ಸಾರು ಹಾಕವಾ" ಎಂದು ಇಂದೂಬಾಯಿಗೆ ಹೇಳಿದರು. ಅವಳು ಬಲಗೈಯಿಂದ ಹಾಕಿದಳು.

ಸಂಜೆ ಪಾತ್ರೆ ಬೆಳಗುತ್ತಿದ್ದ ಸೊಸೆಯ ಬಳಿಗೆ ಸಾವಿತ್ರೀಬಾಯಿ ವಾಕರ್ ತಳ್ಳಿಕೊಂಡು ಬಂದರು. ನಿಂತೇ ಹೇಳಿದರು. ಶಾಲೆ ಬಿಡುವುದು ಬೇಡ, ಮುಕುಂದನಿಗೆ ಹೇಳಿದ್ದಾಯಿತು. ನಾಳೆಯಿಂದ ತಾವು ನೆಲಕ್ಕೆ ಕೂರುವುದಿಲ್ಲ. ಆಮೇಲೆ, ಬಹಳ ಯೋಚಿಸಿ ಇಟ್ಟುಕೊಂಡ ಮಾತಿನಂತೆ,

"ಇಂದೂ, ಈ ವ್ರತದ ಅರ್ಧ ಪುಣ್ಯ ನಿನಗ" ಎಂದರು.

ಇಂದೂಬಾಯಿ ಬೂದಿಯ ಕೈಯಿಂದಲೇ ಹಣೆಯ ಕೂದಲು ಸರಿಸಿಕೊಂಡಳು.

"ಪುಣ್ಯ ನೀವ ಇಟ್ಕೋರಿ ಅತ್ತಿ. ನನಗ ಒಂದು ದಿನ ಮುಂಜಾನಿ ಆರರ ತನಕಾ ನಿದ್ದಿ ಕೊಡ್ರಿ."

ಮರುದಿನ ನಸುಕಿನಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ಊಟದ ಮೂಲೆಯ ಖುರ್ಚಿ ಬಂದು ಕೂತಿತ್ತು. ಸಾವಿತ್ರೀಬಾಯಿ ಅದರ ಮೇಲಿದ್ದರು. ಒಳಗೆ ಲಾಟೀನಿನ ಬೆಳಕಿನಲ್ಲಿ, ಮಡಿಯುಟ್ಟು, ಕುಕ್ಕರಗಾಲಲ್ಲಿ ಕೂತವರು ವಿಠ್ಠಲರಾಯರು. ಯಾರೂ ಅವರಿಗೆ ಹೇಳಿರಲಿಲ್ಲ. ಸ್ನಾನ ಮಾಡಿ ಬಂದು, ಡಬ್ಬಿ ಎಲ್ಲಿದೆ ಎಂದಷ್ಟೇ ಕೇಳಿದ್ದರು. ಮೂವತ್ತೈದು ವರ್ಷ ಹಲಗೆಯ ಮೇಲೆ ಗೆರೆ ಎಳೆದ ಕೈ, ರಂಗೋಲಿಯನ್ನೂ ಸೀಮೆಸುಣ್ಣದ ಹಾಗೆ ಹಿಡಿದಿತ್ತು. ಪುಡಿ ಒಮ್ಮೆ ಗುಡ್ಡೆಯಾಗಿ ಬೀಳುತ್ತಿತ್ತು, ಒಮ್ಮೆ ಬೀಳುತ್ತಲೇ ಇರಲಿಲ್ಲ.

"ಅದು ಆಕಳದ್ದಲ್ಲರಿ, ಎಮ್ಮಿದು ಆತು" ಎಂದರು ಸಾವಿತ್ರೀಬಾಯಿ, ಮೆಲ್ಲಗೆ.

"ಹೂಂ. ಮಾಸ್ತರಗ ಪಾಠ ಹೇಳು."

ಅಳಿಸಿ ಮತ್ತೆ ಹಾಕಿದರು. ಎಂಟನೆಯದಕ್ಕೆ ಅವರ ಮೊಣಕಾಲು ಲಟಕ್ಕೆಂದಿತು. ಹನ್ನೊಂದಕ್ಕೆ ನಡು ಹಿಡಿದುಕೊಂಡು ಹೆಂಡತಿಯ ಮುಖ ನೋಡಿದರು. ಎರಡು ತಿಂಗಳು ಹೀಗೆ ಕೂತೆಯಾ ಎಂದು ಕೇಳಲು ಬಾಯಿ ತೆರೆದವರು ಕೇಳದೆ ಹನ್ನೆರಡನೆಯದಕ್ಕೆ ಕೈ ಹಾಕಿದರು.

ನೋವು ಅದರ ವೇಳೆಗೆ ಸರಿಯಾಗಿ ಬಂತು, ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ. ಕಾರ್ತಿಕಕ್ಕೆ ಇಳಿದೀತೋ, ಜೀವ ಇರುವವರೆಗೆ ಉಳಿದೀತೋ, ಡಾಕ್ಟರರಿಗೂ ಗೊತ್ತಿಲ್ಲ. ಸಾವಿತ್ರೀಬಾಯಿ ಗುಲ್ಶನ್ ಹೇಳಿಕೊಟ್ಟ ಹಾಗೆ ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ, ಹತ್ತು ಎಣಿಸಿ, ಹಿಂದಕ್ಕೆ ತಂದರು. ಬಾವಿಯ ಬಳಿ ಪಾರ್ವತೀಬಾಯಿ ಬಕೆಟ್ಟನ್ನು ಕಲ್ಲಿನ ಮೇಲೆ ಕುಕ್ಕಿದಳು.

"ಸಾವಕಾಶ ಇಡು ಪಾರ್ವತಿ. ಆಕಿ ಮಲಗ್ಯಾಳ."

ಪಡಸಾಲೆಯ ಗೋಡೆಗಡಿಯಾರ ಐದೂವರೆಯ ಒಂದು ಪೆಟ್ಟು ಹೊಡೆಯಿತು. ಒಳಕೋಣೆಯ ಬಾಗಿಲು ಮುಚ್ಚಿತ್ತು. ವಿಠ್ಠಲರಾಯರು ತಲೆಯೆತ್ತಿ, ಬೇಗ ಮುಗಿಸಬೇಕೇನು ಎಂಬಂತೆ ನೋಡಿದರು.

"ಅವಸರ ಮಾಡಬ್ಯಾಡ್ರಿ" ಎಂದರು ಸಾವಿತ್ರೀಬಾಯಿ. "ಆರಕ್ಕ ಇನ್ನೂ ಅರ್ಧ ತಾಸು ಅದ."